ಕ್ಯಾರಿ ಗ್ರಾಂಟ್ 16ನೇ ವಯಸ್ಸಿಗೆ ಮನೆ ಬಿಟ್ಟು ಓಡಿಹೋಗಿ ಹಡಗು ಹತ್ತಿದನಾ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹಳೆಯ ಹಾಲಿವುಡ್ ಸಿನಿಮಾ ಅಂದರೆ ನನಗೆ ಪ್ರಾಣ. ಈ ಸಲದ ಶಾಲಾ ವಾರ್ಷಿಕೋತ್ಸವಕ್ಕೆ ಕ್ಯಾರಿ ಗ್ರಾಂಟ್ ಬಾಲ್ಯದ ಬಗ್ಗೆ ಒಂದು ಸಣ್ಣ ನಾಟಕ ಬರೆದಿದ್ದೇನೆ. ಬ್ರಿಸ್ಟಲ್ ಊರಿನ ಬಡ ಹುಡುಗ ಆರ್ಚಿ ಲೀಚ್. ತಾಯಿ ಸತ್ತಿದ್ದಾಳೆ, ಅಪ್ಪ ಕುಡುಕ. 16ನೇ ವಯಸ್ಸಿಗೆ ಯಾರಿಗೂ ಹೇಳದೆ ಒಲಿಂಪಿಕ್ ಅನ್ನುವ ದೊಡ್ಡ ಹಡಗು ಹತ್ತುತ್ತಾನೆ, ಕಲ್ಲಿದ್ದಲು ಹಾಕುವವರ ಮಧ್ಯೆ ಅಡಗಿ ಕೂರುತ್ತಾನೆ, ಡೆಕ್ ಮೇಲೆ ನಟಿ ಮೇರಿ ಪಿಕ್‌ಫರ್ಡ್ ಕಣ್ಣಿಗೆ ಬೀಳುತ್ತಾನೆ, ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರ ತಪಾಸಣೆ ನಡೆಯುತ್ತಿದ್ದ ಎಲ್ಲಿಸ್ ದ್ವೀಪದ ಅಧಿಕಾರಿ ಅವನ ಹೆಸರು ಬದಲಿಸುತ್ತಾನೆ, ಆಮೇಲೆ ಸ್ಟಾರ್ ಆಗುತ್ತಾನೆ. ಇದು ನನ್ನ ಕಥೆ. ರಿಹರ್ಸಲ್ ಶುರುವಾದ ಮೇಲೆ ಎರಡು ತೊಂದರೆ ಬಂದಿವೆ. ಮೊದಲನೆಯದು, ಓದಿದ ಕಡೆಯೆಲ್ಲ ಒಂದೊಂದು ಥರ ಇದೆ, ಯಾವುದು ನಿಜ ಗೊತ್ತಾಗುತ್ತಿಲ್ಲ. ಎರಡನೆಯದು, ಆರ್ಚಿ ಪಾತ್ರ ಮಾಡುತ್ತಿರುವ ಹತ್ತನೇ ತರಗತಿಯ ಹುಡುಗ ಮೊನ್ನೆ ‘ಸಾರ್, ಓದು ಬಿಟ್ಟು ಹೋದರೂ ಹೀಗೆ ಆಗಬಹುದು ಅಲ್ವಾ?’ ಅಂತ ಕೇಳಿದ. ಅವನ ಮನೆ ಪರಿಸ್ಥಿತಿಯೂ ಅಷ್ಟು ಸರಿಯಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಟಕ ಕೈಬಿಡಲಾ? ಇಲ್ಲಾ, ಹಾಲಿವುಡ್ ನಟನಾದ ನಮ್ಮ ಕಾರಾಪುರದ ಸಾಬು ಕಥೆಯನ್ನೂ ಸೇರಿಸಿ ಬೇರೆ ರೂಪ ಕೊಡಲಾ?

ಉತ್ತರ: ಮೇಷ್ಟ್ರೇ, ನಾಟಕ ಕೈಬಿಡಬೇಡಿ. ಆದರೆ ಇದೇ ರೂಪದಲ್ಲಿ ಮಾಡಲೂ ಬೇಡಿ. ನಿಮ್ಮ ನಿದ್ದೆ ಕೆಡಿಸಿದ್ದು ಆ ಹುಡುಗ ಕೇಳಿದ ಪ್ರಶ್ನೆ ಅನ್ನೋದು ಪತ್ರದಲ್ಲೇ ಗೊತ್ತಾಗುತ್ತದೆ. ಹಾಗಾಗಿ ಹಡಗಿನ ಇತಿಹಾಸ ಒಂದು ಕಡೆ, ಹುಡುಗನ ಪ್ರಶ್ನೆ ಇನ್ನೊಂದು ಕಡೆ ಅಂತ ಬೇರೆ ಮಾಡದೆ ಒಟ್ಟಿಗೇ ಉತ್ತರ ಕೊಡುತ್ತೇನೆ.

ಹಳೆಯ ಹಡಗುಗಳ ಪ್ರಯಾಣಿಕರ ಪಟ್ಟಿ, ನಾಟಕ ತಂಡಗಳ ಕರಾರು, ನಟರ ಕಾಗದಪತ್ರ, ಇವುಗಳ ಮಧ್ಯೆಯೇ ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ನಾನು ಕಂಡದ್ದು ಏನೆಂದರೆ, ಯಾರಾದರೂ ದೊಡ್ಡ ಹೆಸರು ಮಾಡಿದ ಮೇಲೆ ಅವರ ಬಾಲ್ಯದ ಪ್ರಯಾಣದ ಕಥೆಯಿಂದ ಮೊದಲು ಮಾಯವಾಗುವುದು ಜೊತೆಗಿದ್ದ ಜನ. ಹುಡುಗ ಒಬ್ಬನೇ ಉಳಿಯುತ್ತಾನೆ, ಹಡಗು ಉಳಿಯುತ್ತದೆ, ಸಮುದ್ರ ಉಳಿಯುತ್ತದೆ. ಕರಾರು ಬರೆದವರು, ಸಹಿ ಹಾಕಿದ ಅಪ್ಪ, ಟಿಕೆಟ್ ಕೊಂಡ ಯಜಮಾನ, ಪಕ್ಕದಲ್ಲಿ ಮಲಗಿದ್ದ ಇತರ ಹುಡುಗರು, ಎಲ್ಲರೂ ಕರಗಿ ಹೋಗುತ್ತಾರೆ. ನಿಮ್ಮ ನಾಟಕದಲ್ಲೂ ಆಗಿರುವುದು ಅದೇ.

ಮೊದಲು ‘ಓಡಿಹೋದ’ ಅನ್ನುವ ಮಾತು ನೋಡೋಣ. ಆರ್ಚಿ ಓಡಿಹೋಗಿದ್ದು ನಿಜ. ಆದರೆ ಅದು ಈ ಸಲ ಅಲ್ಲ, ಅಮೆರಿಕಕ್ಕೂ ಅಲ್ಲ. ಅವನು ಹುಟ್ಟಿದ್ದು 1904ರ ಜನವರಿ 18ರಂದು, ಬ್ರಿಸ್ಟಲ್‌ನ ಹಾರ್‌ಫೀಲ್ಡ್ ಬಡಾವಣೆಯಲ್ಲಿ. ಅಪ್ಪ ಎಲಿಯಾಸ್ ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಿದ್ದ. ಹುಡುಗ ಸಂಜೆ ಹೊತ್ತು ಊರಿನ ನಾಟಕ ಮಂದಿರಗಳ ಹಿಂಬದಿಯಲ್ಲಿ ಲೈಟ್ ಹಿಡಿಯುವಂಥ ಕೆಲಸ ಮಾಡುತ್ತಾ ಇದ್ದವನು, ಬಾಬ್ ಪೆಂಡರ್ ಅನ್ನುವವನ ಕಸರತ್ತು ನಾಟಕದ ತಂಡ ಹುಡುಗರನ್ನು ಹುಡುಕುತ್ತಿದೆ ಅಂತ ಗೊತ್ತಾಗಿ, ಅಪ್ಪನ ಹೆಸರಿನಲ್ಲಿ ತಾನೇ ಪತ್ರ ಬರೆದ. ರೈಲಿನ ದುಡ್ಡು ಬಂತು, ಹೋಗಿ ಸೇರಿಕೊಂಡ. ಅಪ್ಪ ಹುಡುಕಿಕೊಂಡು ಹೋಗಿ ವಾಪಸ್ ಕರೆದುಕೊಂಡು ಬಂದ, ಮತ್ತೆ ಶಾಲೆಗೆ ಕೂರಿಸಿದ. ಇದನ್ನು ಗ್ರಾಂಟ್ ಮುಂದೆ ತಾನೇ ಹೇಳಿಕೊಂಡಿದ್ದಾನೆ. ಅಂದರೆ ಕಳ್ಳ ಸಹಿಯ ದಾರಿ ನಿಂತಿದ್ದು ಕೆಲವೇ ದಿನ.

1918ರ ಮಾರ್ಚ್‌ನಲ್ಲಿ ಶಾಲೆಯಿಂದ ಅವನನ್ನು ಹೊರಗೆ ಹಾಕಿದರು. ಯಾಕೆ ಅನ್ನೋದಕ್ಕೆ ಮೂರ್ನಾಲ್ಕು ಕಥೆಗಳಿವೆ. ನಿಮ್ಮ ನಾಟಕಕ್ಕೆ ಅದು ಬೇಡ. ಅದಾದ ಮೇಲೆ ಅವನು ಮತ್ತೆ ಪೆಂಡರ್ ತಂಡ ಸೇರಿದ. ಈ ಸಲ ಅಪ್ಪನ ಒಪ್ಪಿಗೆ ಇತ್ತು. 1918ರ ಆಗಸ್ಟ್ 9ರ ತಾರೀಕಿನ ಕರಾರು ಕೂಡ ಆಯಿತು. ಅದರಲ್ಲಿ ಏನಿತ್ತು ಅನ್ನೋದನ್ನು ದಯವಿಟ್ಟು ನಿಮ್ಮ ಹುಡುಗನಿಗೆ ಓದಿ ಹೇಳಿ. ವಾರಕ್ಕೆ ಇಷ್ಟು ಸಂಬಳ. ಊಟ, ವಸತಿ. ನೃತ್ಯ ಮತ್ತು ಕಸುಬಿಗೆ ಬೇಕಾದ ಇತರ ತರಬೇತಿ, 18 ವರ್ಷ ತುಂಬುವವರೆಗೆ. ಕೆಲಸ ಚೆನ್ನಾಗಿ ಮಾಡಿದರೆ ಸಂಬಳ ಏರಿಕೆ. ನಮ್ಮ ಕಡೆ ವೃತ್ತಿ ನಾಟಕ ಕಂಪನಿಗಳಿಗೆ ಹುಡುಗರನ್ನು ಸೇರಿಸುತ್ತಿದ್ದರಲ್ಲ, ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಪಾಠ, ಆ ನೆನಪು ನಿಮ್ಮ ಪ್ರೇಕ್ಷಕರಲ್ಲಿ ಹಿರಿಯರಿಗೆ ಇನ್ನೂ ಇದೆ. ಪೆಂಡರ್ ತಂಡ ಹೆಚ್ಚುಕಡಿಮೆ ಅಂಥದ್ದು. ಮಾತು ಕಡಿಮೆ, ಲಾಗ, ಕಸರತ್ತು, ಮೂಕಾಭಿನಯ ಜಾಸ್ತಿ. ಮರಗಾಲು ಕಟ್ಟಿಕೊಂಡು ನಡೆಯುವುದು ಅವರ ದೊಡ್ಡ ಆಕರ್ಷಣೆ.

1920ರ ಜುಲೈ 21ರಂದು ಒಲಿಂಪಿಕ್ ಹಡಗು ಸೌತಾಂಪ್ಟನ್ ಬಿಟ್ಟಾಗ ಆರ್ಚಿ ಎರಡು ವರ್ಷ ಪಳಗಿದ ಕೆಲಸಗಾರ. ತಂಡದ ಯಜಮಾನ ಆರಿಸಿಕೊಂಡ ಕೆಲವೇ ಹುಡುಗರಲ್ಲಿ ಒಬ್ಬ. ಜೇಬಿನಲ್ಲಿ ಟಿಕೆಟ್ ಇತ್ತು, ನ್ಯೂಯಾರ್ಕಿನಲ್ಲಿ ಕೆಲಸ ಕಾದಿತ್ತು, ಜೊತೆಯಲ್ಲಿ ಪೆಂಡರ್ ಇದ್ದ. ಅಡಗಿ ಕೂರುವ ಅಗತ್ಯ ಅವನಿಗೆ ಇರಲಿಲ್ಲ. ಹಡಗು ಜುಲೈ 28ರಂದು ನ್ಯೂಯಾರ್ಕ್ ಮುಟ್ಟಿತು.

ಇಲ್ಲಿ ಕಾನೂನಿನ ಒಂದೆರಡು ಸಂಗತಿ ಹೇಳಲೇಬೇಕು. ಈ ಕಥೆ ಬರೆಯುವವರು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತಾರೆ. ಅಮೆರಿಕದ 1917ರ ವಲಸೆ ಕಾಯ್ದೆ ಪ್ರಕಾರ, 16 ವರ್ಷದ ಒಳಗಿನ ಮಗು ಅಪ್ಪ ಅಮ್ಮನ ಜೊತೆ ಬರದಿದ್ದರೆ ಅಥವಾ ಅವರ ಹತ್ತಿರ ಹೋಗುತ್ತಿಲ್ಲದಿದ್ದರೆ ಒಳಗೆ ಬಿಡುವಂತಿರಲಿಲ್ಲ. ಮೇಲಿನ ಅಧಿಕಾರಿ ವಿಶೇಷ ಅನುಮತಿ ಕೊಟ್ಟರೆ ಮಾತ್ರ ಪ್ರವೇಶ. ಆರ್ಚಿಗೆ ಆ ಜನವರಿಯಲ್ಲಷ್ಟೇ 16 ತುಂಬಿತ್ತು. ಒಂದು ವರ್ಷ ಮೊದಲು ಹೊರಟಿದ್ದರೆ ಬಂದರಿನಲ್ಲೇ ತಡೆಯುವ ಸಾಧ್ಯತೆ ಇತ್ತು. ಇನ್ನೊಂದು, ಹೊರದೇಶದಿಂದ ಮೊದಲೇ ಕರಾರು ಮಾಡಿಕೊಂಡು ಕೂಲಿಗಾರರನ್ನು ತರುವುದನ್ನು ಅಮೆರಿಕ 1885ರಲ್ಲೇ ನಿಷೇಧ ಮಾಡಿತ್ತು. ಗಿರಣಿ ಕೆಲಸಕ್ಕೋ ಗಣಿ ಕೆಲಸಕ್ಕೋ ಕರಾರಿನ ಮೇಲೆ ಬಂದೆ ಅಂತ ಬಾಯಿಬಿಟ್ಟರೆ ವಾಪಸ್ ಕಳಿಸುತ್ತಿದ್ದರು. ಆದರೆ ವೃತ್ತಿ ನಟರು, ಗಾಯಕರು, ಕಲಾವಿದರು ಇಂಥವರಿಗೆ ಆ ನಿಷೇಧದಿಂದ ವಿನಾಯಿತಿ ಇತ್ತು. ಬ್ರಿಟನ್ನಿನ ರಂಗತಂಡಗಳು ಧೈರ್ಯವಾಗಿ ಹುಡುಗರನ್ನು ಕಟ್ಟಿಕೊಂಡು ಹಡಗು ಹತ್ತಲು ಇದೂ ಒಂದು ಕಾರಣ. ಚಾಪ್ಲಿನ್ ಕೂಡ 1910ರಲ್ಲಿ ಹೀಗೇ ಬಂದ, ಫ್ರೆಡ್ ಕಾರ್ನೋ ಅನ್ನುವವನ ಹಾಸ್ಯ ತಂಡದ ಜೊತೆ. ಅದೇ ಹಡಗಿನಲ್ಲಿ ಲಾರೆಲ್-ಹಾರ್ಡಿ ಜೋಡಿಯ ಸ್ಟಾನ್ ಲಾರೆಲ್ ಕೂಡ ಇದ್ದ. ಒಂದು ಕಸುಬಿನ ಜನ ನಡೆದು ನಡೆದು ಸವೆದ ದಾರಿ ಅದು. ನಿಮ್ಮ ನಾಟಕದಲ್ಲಿ ಅದು ಯಾರೂ ಕಾಣದ ಕಾಡುದಾರಿ ಥರ ಇದೆ. ಅದನ್ನು ಸರಿಮಾಡಿದರೆ ಅರ್ಧ ಸಮಸ್ಯೆ ಮುಗಿದ ಹಾಗೆ.

ಎಲ್ಲಿಸ್ ದ್ವೀಪದಲ್ಲಿ ಹೆಸರು ಬದಲಾದ ದೃಶ್ಯವನ್ನು ತೆಗೆದುಬಿಡಿ. ಇದು ಕ್ಯಾರಿ ಗ್ರಾಂಟ್ ಒಬ್ಬನ ಬಗ್ಗೆ ಇರುವ ತಪ್ಪು ಕಥೆ ಅಲ್ಲ, ಲಕ್ಷಾಂತರ ಅಮೆರಿಕನ್ ಮನೆಗಳಲ್ಲಿ ಅಜ್ಜನ ಬಗ್ಗೆ ಇದೇ ಕಥೆ ಹೇಳುತ್ತಾರೆ. ಆ ಅಧಿಕಾರಿಗಳು ಹೆಸರು ಹೊಸದಾಗಿ ಬರೆಯುತ್ತಿರಲಿಲ್ಲ. ಹಡಗು ಕಂಪನಿಯವರು ಹೊರಡುವ ಬಂದರಿನಲ್ಲೇ ಪಟ್ಟಿ ತಯಾರಿಸಿ ತರುತ್ತಿದ್ದರು. ಅಧಿಕಾರಿ ಆ ಪಟ್ಟಿ ಮುಂದಿಟ್ಟುಕೊಂಡು ಒಂದೊಂದೇ ಪ್ರಶ್ನೆ ಕೇಳಿ ಗುರುತು ಹಾಕುತ್ತಿದ್ದ, ಅಷ್ಟೇ. ಹೆಸರುಗಳು ಬದಲಾಗುತ್ತಿದ್ದದ್ದು ಆಮೇಲೆ, ಜನರೇ ಕೆಲಸಕ್ಕಾಗಿಯೋ ಅನುಕೂಲಕ್ಕಾಗಿಯೋ ಬದಲಿಸಿಕೊಂಡಾಗ. ಇನ್ನೊಂದು ಮಾತು, ಒಂದನೇ ಮತ್ತು ಎರಡನೇ ದರ್ಜೆಯ ಪ್ರಯಾಣಿಕರ ತಪಾಸಣೆ ಸಾಮಾನ್ಯವಾಗಿ ಹಡಗಿನಲ್ಲೇ ಮುಗಿಯುತ್ತಿತ್ತು, ಅವರು ನೇರವಾಗಿ ಮ್ಯಾನ್‌ಹಟನ್ ಕಟ್ಟೆಯಲ್ಲಿ ಇಳಿಯುತ್ತಿದ್ದರು. ದ್ವೀಪಕ್ಕೆ ದೋಣಿಯಲ್ಲಿ ಹೋಗುತ್ತಿದ್ದವರು ಹೆಚ್ಚಾಗಿ ಮೂರನೇ ದರ್ಜೆಯವರು. ಹಾಗಾಗಿ ‘ಅಮೆರಿಕಕ್ಕೆ ಹಡಗಿನಲ್ಲಿ ಬಂದ’ ಅಂದ ಕೂಡಲೇ ಎಲ್ಲಿಸ್ ದ್ವೀಪದ ಸಾಲು ತೋರಿಸುವುದು ಸರಿಯಲ್ಲ.

ಆರ್ಚಿ ಲೀಚ್ ಕ್ಯಾರಿ ಗ್ರಾಂಟ್ ಆಗಿದ್ದು 1931ರ ಕೊನೆಯಲ್ಲಿ, ಪ್ಯಾರಾಮೌಂಟ್ ಸ್ಟುಡಿಯೋ ಕರಾರು ಮಾಡಿಕೊಂಡಾಗ. ‘ಕ್ಯಾರಿ’ ಅನ್ನೋದು ಅವನು ಆಗಷ್ಟೇ ಮಾಡಿದ್ದ ಒಂದು ರಂಗ ಪಾತ್ರದ ಹೆಸರು. ‘ಗ್ರಾಂಟ್’ ಸ್ಟುಡಿಯೋದವರು ಕೊಟ್ಟ ಪಟ್ಟಿಯಿಂದ ಬಂದದ್ದು. ಕಾನೂನು ಪ್ರಕಾರ ಆ ಹೆಸರು ಅವನದಾಗಿದ್ದು 1942ರ ಜೂನ್ 26ರಂದು, ಅಮೆರಿಕದ ಪೌರತ್ವ ಪಡೆದ ದಿನ. ಹಡಗು ಇಳಿದು 22 ವರ್ಷ ಆದ ಮೇಲೆ ಅಂತಾಯಿತು.

ಮೇರಿ ಪಿಕ್‌ಫರ್ಡ್ ಆ ಹಡಗಿನಲ್ಲಿ ಇದ್ದದ್ದು ನಿಜ. 1920ರ ಮಾರ್ಚ್‌ನಲ್ಲಿ ಆಕೆ ಮತ್ತು ಸಿನಿಮಾ ನಟ ಡಗ್ಲಸ್ ಫೇರ್‌ಬ್ಯಾಂಕ್ಸ್ ಮದುವೆಯಾಗಿದ್ದರು. ಯುರೋಪಿಗೆ ಮಧುಚಂದ್ರಕ್ಕೆ ಹೋದವರು ಇದೇ ಒಲಿಂಪಿಕ್‌ನಲ್ಲಿ ವಾಪಸ್ ಬರುತ್ತಿದ್ದರು. ಆಗ ಇಡೀ ಜಗತ್ತಿನಲ್ಲಿ ಅವರಿಬ್ಬರಿಗಿಂತ ಹೆಸರಾದ ಜೋಡಿ ಇರಲಿಲ್ಲ, ಲಂಡನ್ನಿನಲ್ಲಿ ಜನ ಮುತ್ತಿಕೊಂಡು ಉಸಿರಾಡಲು ಬಿಟ್ಟಿರಲಿಲ್ಲ. ಆದರೆ ಹುಡುಗನ ಮನಸ್ಸಿನಲ್ಲಿ ಉಳಿದದ್ದು ಫೇರ್‌ಬ್ಯಾಂಕ್ಸ್. ಡೆಕ್ ಮೇಲೆ ಬಿಲ್ಲೆಗಳನ್ನು ಕೋಲಿನಿಂದ ತಳ್ಳುವ ಶಫಲ್‌ಬೋರ್ಡ್ ಆಟ ಆಡುತ್ತಿದ್ದಾಗ ಇಬ್ಬರೂ ಒಂದೇ ಫೋಟೋದಲ್ಲಿ ಬಂದದ್ದನ್ನು ಗ್ರಾಂಟ್ ನಲವತ್ತು ವರ್ಷ ಕಳೆದ ಮೇಲೂ ನೆನೆಸಿಕೊಂಡ. ಬಿಸಿಲಿಗೆ ಕಂದಿದ ಮೈಬಣ್ಣ, ಗಟ್ಟಿ ಮೈಕಟ್ಟು, ಎಲ್ಲರ ಜೊತೆ ಸಲೀಸಾಗಿ ಬೆರೆಯುವ ರೀತಿ, ಇವೆಲ್ಲ ಅವನಿಗೆ ಮಾದರಿಯಾದವು. ಲಾಗ ಹೊಡೆಯುವ ಹುಡುಗನಿಗೆ ಲಾಗ ಹೊಡೆಯುವ ಸ್ಟಾರ್ ಸಿಕ್ಕಿದ ಅಂದುಕೊಳ್ಳಿ. ಫೇರ್‌ಬ್ಯಾಂಕ್ಸ್ ಕೂಡ ಪರದೆಯ ಮೇಲೆ ಹಾರುವುದು, ಜಿಗಿಯುವುದು ಇದಕ್ಕೇ ಹೆಸರಾದವನು. ಅಷ್ಟು ಬಿಟ್ಟರೆ ಹಡಗಿನಲ್ಲಿ ಯಾರೂ ಯಾರನ್ನೂ ‘ಕಂಡುಹಿಡಿಯಲಿಲ್ಲ’. ಅವನು ಹಾಲಿವುಡ್‌ನಲ್ಲಿ ಪೂರ್ತಿ ಸಿನಿಮಾದಲ್ಲಿ ಕಾಣಿಸಿಕೊಂಡಿದ್ದು 1932ರಲ್ಲಿ, ಅಂದರೆ 12 ವರ್ಷ ಬಿಟ್ಟು.

ಈ 12 ವರ್ಷವೇ ನಿಮ್ಮ ನಾಟಕದಲ್ಲಿ ಇಲ್ಲ. ನನಗೆ ಬೇಸರ ಆಗಿದ್ದು ಅದಕ್ಕೆ.

ನ್ಯೂಯಾರ್ಕಿನ ಹಿಪ್ಪೊಡ್ರೋಮ್ ಆಗ ಜಗತ್ತಿನಲ್ಲೇ ದೊಡ್ಡ ರಂಗಮಂದಿರ, ಐದು ಸಾವಿರದ ಮೇಲೆ ಆಸನ. ಪೆಂಡರ್ ತಂಡ ಅಲ್ಲಿ ಒಂಬತ್ತು ತಿಂಗಳು ಆಡಿತು, ವಾರಕ್ಕೆ 12 ಪ್ರದರ್ಶನ. ಒಂದು ದಿನಕ್ಕೆ ಎರಡು ಸಲ ಅದೇ ಮರಗಾಲು, ಅದೇ ಬೀಳುವುದು, ಅದೇ ಏಳುವುದು. ಒಬ್ಬ ಬೀಳುವ ಹೊತ್ತಿಗೆ ಸರಿಯಾಗಿ ಇನ್ನೊಬ್ಬ ಹಿಡಿಯಬೇಕು, ಅರ್ಧ ಕ್ಷಣ ತಪ್ಪಿದರೆ ಮೂಳೆ ಮುರಿಯುತ್ತದೆ, ಜನ ನಗುವುದೂ ಇಲ್ಲ. ಮುಂದೆ ಅವನ ಹಾಸ್ಯ ಸಿನಿಮಾಗಳಲ್ಲಿ ನಾವು ನೋಡುವ ಆ ನಿಖರತೆ ಇಲ್ಲಿ ಕಲಿತದ್ದು. ಆಮೇಲೆ ಊರೂರು ಸುತ್ತುವ ವಾಡೆವಿಲ್ ಪ್ರವಾಸ, ಅಂದರೆ ಹಾಡು, ಕುಣಿತ, ಹಾಸ್ಯದ ಸಣ್ಣ ಸಣ್ಣ ಪ್ರದರ್ಶನಗಳು. ಹೋಟೆಲು, ರೈಲು, ಮತ್ತೆ ಹೋಟೆಲು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. 1922ರಲ್ಲಿ ಪ್ರವಾಸ ಮುಗಿಯಿತು, ಪೆಂಡರ್ ಇಂಗ್ಲೆಂಡಿಗೆ ವಾಪಸ್ ಹೊರಟ. ಆರ್ಚಿ ಹೋಗಲಿಲ್ಲ. ತಂಡದ ಇನ್ನೂ ಕೆಲವು ಹುಡುಗರು ಉಳಿದುಕೊಂಡರು. ನನ್ನ ಪ್ರಕಾರ ಅವನು ವಲಸೆ ಹೋಗಿದ್ದು ಆಗ. 1920ರಲ್ಲಿ ಅವನು ಒಲಿಂಪಿಕ್ ಹತ್ತಿದ್ದು ಕೆಲಸದ ಪ್ರವಾಸಕ್ಕೆ, ವಾಪಸ್ ಬರುವ ಲೆಕ್ಕದಲ್ಲಿ. ವಲಸೆ ಆಗಿದ್ದು ವಾಪಸ್ ಹಡಗು ಹತ್ತದೇ ಇದ್ದ ದಿನ. ಆಗ ಅವನಿಗೆ 18. ಕರಾರಿನ ಪ್ರಕಾರ ತರಬೇತಿ ಮುಗಿಯುವ ವಯಸ್ಸೂ ಅದೇ ಅನ್ನೋದನ್ನು ಗಮನಿಸಿ. ಆ ಕಾಲದ ಪ್ರಯಾಣಿಕರ ಪಟ್ಟಿಯಲ್ಲಿ ಒಂದು ಕಾಲಂ ಇತ್ತು, ಬಂದ ದೇಶಕ್ಕೆ ವಾಪಸ್ ಹೋಗುವ ಉದ್ದೇಶ ಇದೆಯಾ ಅಂತ. ಆ ಕಾಲಂ ನೋಡುವಾಗಲೆಲ್ಲ ನನಗೆ ಅನ್ನಿಸುವುದು, ಅಲ್ಲಿ ಬರೆಸಿದ್ದು ಆ ದಿನದ ಮಾತು ಅಷ್ಟೇ. ನನ್ನ ಹತ್ತಿರ ತಾತ ಮುತ್ತಾತಂದಿರ ಹೆಸರು ಹುಡುಕಿಸಿಕೊಂಡು ಬರುವ ಕುಟುಂಬಗಳಲ್ಲೂ ಇದನ್ನೇ ಕಂಡಿದ್ದೇನೆ. ಎರಡು ವರ್ಷಕ್ಕೆ ಅಂತ ಹೋದವರು ಅಲ್ಲೇ ಮಣ್ಣಾದರು, ಶಾಶ್ವತವಾಗಿ ಅಂತ ಹೋದವರು ಆರು ತಿಂಗಳಿಗೆ ವಾಪಸ್ ಬಂದರು.

ಉಳಿದುಕೊಂಡವನ ಗತಿ ಏನಾಯಿತು? ನ್ಯೂಯಾರ್ಕಿನ ಕಡಲ ದಂಡೆಯ ಮನರಂಜನೆ ತಾಣವಾದ ಕೋನಿ ಐಲೆಂಡ್‌ನಲ್ಲಿ ಮರಗಾಲು ಕಟ್ಟಿಕೊಂಡು, ಮೈಮೇಲೆ ಜಾಹೀರಾತು ಬೋರ್ಡ್ ಹೊತ್ತುಕೊಂಡು ಬಿಸಿಲಲ್ಲಿ ನಡೆದ. ಕೈಯಲ್ಲಿ ಬಣ್ಣ ಹಾಕಿದ ಟೈಗಳನ್ನು ಬೀದಿಯಲ್ಲಿ ಮಾರಿದ. ಕೆಲಸ ಇಲ್ಲದ ದಿನಗಳನ್ನು ಕಂಡ. ಬ್ರಾಡ್‌ವೇ ಸಂಗೀತ ನಾಟಕದಲ್ಲಿ ಪಾತ್ರ ಸಿಗಲು 1927ರವರೆಗೆ ಕಾಯಬೇಕಾಯಿತು. ನಿಮ್ಮ ಹುಡುಗ ಮರಗಾಲು ಕಟ್ಟಿಕೊಂಡು, ಬೋರ್ಡ್ ಹೊತ್ತು ವೇದಿಕೆಯ ಈ ಕಡೆಯಿಂದ ಆ ಕಡೆಗೆ ಮಾತಿಲ್ಲದೆ ನಡೆಯುವ ಎರಡು ನಿಮಿಷದ ದೃಶ್ಯ ಹಾಕಿ. ಅವನು ಅದನ್ನು ಅಭ್ಯಾಸ ಮಾಡಲಿ. ಕಾಲು ನೋಯಲಿ.

ಇನ್ನು ತಾಯಿ. ಇಲ್ಲಿ ತುಂಬಾ ಹುಷಾರಾಗಿರಿ ಮೇಷ್ಟ್ರೇ. ನಿಮ್ಮ ನಾಟಕದಲ್ಲಿ ತಾಯಿ ಸತ್ತಿದ್ದಾಳೆ. ಆ ಹಡಗಿನಲ್ಲಿದ್ದ ಹುಡುಗನೂ ಹಾಗೇ ನಂಬಿದ್ದ. ಆದರೆ ಎಲ್ಸಿ ಲೀಚ್ ಬದುಕಿದ್ದಳು. ಆರ್ಚಿ ಚಿಕ್ಕವನಿದ್ದಾಗಲೇ ಅಪ್ಪ ಆಕೆಯನ್ನು ಬ್ರಿಸ್ಟಲ್‌ನ ಫಿಶ್‌ಪಾಂಡ್ಸ್‌ನಲ್ಲಿದ್ದ ಮಾನಸಿಕ ಆಸ್ಪತ್ರೆಗೆ ಸೇರಿಸಿದ. ಹುಡುಗ ಒಂದು ದಿನ ಶಾಲೆಯಿಂದ ಮನೆಗೆ ಬಂದರೆ ಅಮ್ಮ ಇಲ್ಲ. ರಜೆಗೆ ಹೋಗಿದ್ದಾಳೆ ಅಂದರು, ಆಮೇಲೆ ತೀರಿಕೊಂಡಳು ಅಂದರು. ಆರ್ಚಿ ಹುಟ್ಟುವ ಮೊದಲೇ ಆಕೆಯ ಮೊದಲ ಮಗು ಒಂದು ವರ್ಷ ತುಂಬುವ ಮುಂಚೆ ಸತ್ತಿತ್ತು. ಆ ದುಃಖದಿಂದ ಆಕೆ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಅಪ್ಪ ಬೇರೊಬ್ಬಳ ಜೊತೆ ಹೊಸ ಸಂಸಾರ ಕಟ್ಟಿದ. ಗ್ರಾಂಟ್‌ಗೆ ನಿಜ ಗೊತ್ತಾದಾಗ 31 ವರ್ಷ, ಆಗಲೇ ಸಿನಿಮಾ ನಟ. ಅಪ್ಪ 1935ರಲ್ಲಿ ಸಾಯುವುದಕ್ಕೆ ಸ್ವಲ್ಪ ಮೊದಲು ವಿಷಯ ಹೊರಬಂತು. ಅವನು ಹೋಗಿ ಆಕೆಯನ್ನು ಬಿಡಿಸಿಕೊಂಡ, ಜೀವನಪೂರ್ತಿ ನೋಡಿಕೊಂಡ, ಬ್ರಿಸ್ಟಲ್‌ಗೆ ಮತ್ತೆ ಮತ್ತೆ ಹೋಗಿಬಂದ. ಎಲ್ಸಿ 1973ರವರೆಗೆ ಬದುಕಿದ್ದಳು.

ಇದನ್ನು ಗೊತ್ತುಮಾಡಿಕೊಂಡು ಆ ಹಡಗನ್ನು ಮತ್ತೆ ನೋಡಿ. 16 ವರ್ಷದ ಹುಡುಗ ‘ನನಗೆ ಈ ಊರಿನಲ್ಲಿ ಯಾರೂ ಇಲ್ಲ’ ಅಂದುಕೊಂಡು ಹೊರಟಿದ್ದಾನೆ. ಅವನ ಅಮ್ಮ ಅದೇ ಊರಿನಲ್ಲಿ ಬೀಗ ಹಾಕಿದ ಬಾಗಿಲ ಹಿಂದೆ ಕೂತಿದ್ದಾಳೆ. ನಾನು ಎಷ್ಟೋ ಪ್ರಯಾಣಗಳ ಕಾಗದ ನೋಡಿದ್ದೇನೆ, ಇದರಷ್ಟು ನನ್ನನ್ನು ಕಾಡಿದ್ದು ಇನ್ನೊಂದಿಲ್ಲ.

ಅವನು ಯಾಕೆ ಹೋಗಲು ಹಾತೊರೆಯುತ್ತಿದ್ದ ಅನ್ನೋದಕ್ಕೂ ಮೂಲ ಇಲ್ಲೇ ಇದೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬೇಸಿಗೆ ರಜೆಗೆ ಸೌತಾಂಪ್ಟನ್ ಸೇನಾ ಬಂದರಿನಲ್ಲಿ ಸಂದೇಶ ಒಯ್ಯುವ ಹುಡುಗನಾಗಿ ಸ್ವಯಂಸೇವೆ ಮಾಡಿದ್ದ. ಮನೆಯ ಮೌನದಿಂದ ತಪ್ಪಿಸಿಕೊಳ್ಳಲು ಹೋದವನು ಅಲ್ಲಿ ಹಡಗುಗಳನ್ನು ನೋಡಿದ. ಹಡಗಿನಲ್ಲಿ ಕೆಲಸದ ಹುಡುಗನಾಗಿ ಸೇರಲೂ ಪ್ರಯತ್ನಪಟ್ಟ, ವಯಸ್ಸು ಸಾಲದು ಅಂತ ಕಳಿಸಿದರು. ನಾಟಕ ಮಂದಿರದ ಹಿಂಬದಿ ಅವನಿಗೆ ಮನೆ ಅನ್ನಿಸಿದ್ದೂ ಇದೇ ಕಾರಣಕ್ಕೆ. ಅಲ್ಲಿ ಬೆಳಕಿತ್ತು, ಗದ್ದಲವಿತ್ತು, ಇವನನ್ನು ಹೆಸರು ಹಿಡಿದು ಕರೆಯುವವರು ಇದ್ದರು.

ಈಗ ನಾಟಕ ಹೇಗೆ ಮಾಡಬಹುದು ಅನ್ನೋದು. ಈಗಿರುವ ಹಾಗೆ, ಸಾಹಸದ ಕಥೆಯಾಗಿ ಮಾಡಿದರೆ ಚಪ್ಪಾಳೆ ಖಂಡಿತ ಬರುತ್ತದೆ. ಆದರೆ ನಿಮ್ಮ ಮುಂದೆ ಕೂತಿರುವ ಹುಡುಗರಲ್ಲಿ ಒಬ್ಬನಾದರೂ ಬಸ್ ಹತ್ತಬಹುದು. ಅವನಿಗೆ ಪೆಂಡರ್ ಇರುವುದಿಲ್ಲ, ಕರಾರು ಇರುವುದಿಲ್ಲ. ಇದನ್ನು ನಾನು ಒಪ್ಪಲಾರೆ. ಬರೀ ದಾಖಲೆ ಇಟ್ಟುಕೊಂಡು ತಾರೀಕು ತಾರೀಕಾಗಿ ಹೇಳಬಹುದು, ತಪ್ಪಾಗುವುದಿಲ್ಲ, ಆದರೆ ನಾಟಕ ಒಣಗುತ್ತದೆ. ಮಕ್ಕಳು ಆಕಳಿಸುತ್ತಾರೆ. ಜೊತೆಗೆ, ಪಟ್ಟಿಯಲ್ಲಿ ಹೆಸರು, ವಯಸ್ಸು, ಕಸುಬು, ಎತ್ತರ, ಕಣ್ಣಿನ ಬಣ್ಣ, ಜೇಬಿನಲ್ಲಿದ್ದ ದುಡ್ಡು, ಟಿಕೆಟ್ ಹಣ ಯಾರು ಕೊಟ್ಟರು ಎಲ್ಲ ಇರುತ್ತದೆ, ಹೊರಡುವ ರಾತ್ರಿ ನಿದ್ದೆ ಬಂತೋ ಇಲ್ಲವೋ ಅನ್ನೋದು ಇರುವುದಿಲ್ಲ.

ತಾಯಿಯ ಕಡೆಯಿಂದ ಹೇಳುವುದು ಮೂರನೆಯ ದಾರಿ. ವೇದಿಕೆಯ ಒಂದು ಮೂಲೆಯಲ್ಲಿ ಹಡಗು, ಇನ್ನೊಂದು ಮೂಲೆಯಲ್ಲಿ ಕಿಟಕಿ ಹತ್ತಿರ ಕೂತ ಎಲ್ಸಿ. ಮಾತು ಬೇಡ. ನನ್ನ ಮನಸ್ಸು ಇದರ ಕಡೆಗೇ. ಆದರೆ ಇದರಲ್ಲೂ ಅಪಾಯ ಇದೆ. ಆಕೆಯನ್ನು ಕೂದಲು ಕೆದರಿದ ಹುಚ್ಚಿಯಾಗಿ ತೋರಿಸಲು ಮಕ್ಕಳಿಗೆ ಬಹಳ ಬೇಗ ಮನಸ್ಸು ಬರುತ್ತದೆ, ನೋಡುವವರು ನಗುತ್ತಾರೆ. ಆ ಮಕ್ಕಳಲ್ಲೇ ಯಾರದೋ ಮನೆಯಲ್ಲಿ ಅಮ್ಮನೋ ಚಿಕ್ಕಮ್ಮನೋ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಹಾಗೆ ಮಾಡಿಸಬೇಡಿ. ಅಚ್ಚುಕಟ್ಟಾಗಿ ತಲೆ ಬಾಚಿಕೊಂಡು, ಬಟ್ಟೆ ಹೊಲಿಯುತ್ತಾ ಕೂತಿರಲಿ. ಅಪ್ಪನನ್ನು ಪೂರ್ತಿ ರಾಕ್ಷಸ ಮಾಡುವುದೂ ಸುಲಭ. ಅವನು ಕುಡಿಯುತ್ತಿದ್ದ, ಸುಳ್ಳು ಹೇಳಿದ, ಅದು ದೊಡ್ಡ ಅನ್ಯಾಯ. ಓಡಿಹೋದ ಮಗನನ್ನು ಹುಡುಕಿಕೊಂಡು ಹೋಗಿ ಕರೆತಂದವನೂ ಅವನೇ, ಕರಾರಿನಲ್ಲಿ ಮಗನ ಪಾಠ ಊಟ ಬರೆಸಿದ್ದೂ ಅವನ ಕಾಲದಲ್ಲೇ. ಎರಡೂ ಇರಲಿ.

ಸಾಬು ಕಥೆ ಸೇರಿಸುವ ಆಸೆ ನನಗೆ ಅರ್ಥವಾಗುತ್ತದೆ, ನಮ್ಮವನು ಅಂತ ಅಭಿಮಾನ ನನಗೂ ಇದೆ. 1924ರಲ್ಲಿ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಸಿನಿಮಾ ತಂಡ ಆನೆ ಹುಡುಗನ ಪಾತ್ರಕ್ಕೆ ಆರಿಸಿತು, 1936ರಲ್ಲಿ ಅಣ್ಣನ ಜೊತೆ ಇಂಗ್ಲೆಂಡಿಗೆ ಕರೆದುಕೊಂಡು ಹೋದರು, ಅಲ್ಲಿಂದ ಹಾಲಿವುಡ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿದ, ಶೌರ್ಯ ಪದಕ ಪಡೆದ, 1963ರಲ್ಲಿ 39ನೇ ವಯಸ್ಸಿಗೇ ತೀರಿಕೊಂಡ. ಆದರೆ ಇವನನ್ನು ಆರ್ಚಿಯ ಪಕ್ಕದಲ್ಲಿ ನಿಲ್ಲಿಸಿ ‘ಇಬ್ಬರು ಹುಡುಗರು, ಎರಡು ಹಡಗು’ ಅಂದರೆ ತಪ್ಪಾಗುತ್ತದೆ. ಆರ್ಚಿ ಎರಡು ವರ್ಷ ಕಸುಬು ಕಲಿತು, ಸಂಬಳ ಗೊತ್ತುಮಾಡಿಕೊಂಡು ಹೋದವನು, ಮುಂದೆ ಯಾವ ಪಾತ್ರ ಬೇಕೋ ಅದನ್ನು ಮಾಡಿದ. ಸಾಬು ಅಪ್ಪ ಅಮ್ಮ ಇಲ್ಲದ ಮಗು, ಬೇರೆಯವರ ಆಯ್ಕೆಯ ಮೇಲೆ ಹೋದವನು. ಅವನಿಗೆ ಹೆಚ್ಚಾಗಿ ಸಿಕ್ಕಿದ್ದು ಕಾಡಿನ ಹುಡುಗ, ಆನೆ ಹುಡುಗ, ಪೂರ್ವ ದೇಶದ ರಾಜಕುಮಾರ ಇಂಥವೇ. ಜಗತ್ತು ಅವನನ್ನು ಸಾಬು ದಸ್ತಗೀರ್ ಅಂತ ಕರೆಯಿತಲ್ಲ, ಆ ‘ದಸ್ತಗೀರ್’ ಅಣ್ಣನ ಹೆಸರು ಅಂತ ಸಂಶೋಧಕರು ಹೇಳುತ್ತಾರೆ. ಅವನಿಗೆ ಬೇರೆಯೇ ನಾಟಕ ಬೇಕು. ಮುಂದಿನ ವರ್ಷಕ್ಕೆ ಬರೆಯಿರಿ, ನನ್ನಲ್ಲಿರುವುದನ್ನೆಲ್ಲ ಕಳಿಸಿಕೊಡುತ್ತೇನೆ.

ಹುಡುಗನ ಪ್ರಶ್ನೆಗೆ ಬರುತ್ತೇನೆ. ‘ಓದು ಬಿಟ್ಟರೂ ಹೀಗೆ ಆಗಬಹುದು ಅಲ್ವಾ’ ಅಂದರೆ, ಸುಮ್ನೆ ‘ಇಲ್ಲ’ ಅಂತ ಬಾಯಿ ಮುಚ್ಚಿಸಬೇಡಿ. ಅವನು ಕ್ಯಾರಿ ಗ್ರಾಂಟ್ ಬಗ್ಗೆ ಕೇಳುತ್ತಿಲ್ಲ, ತನ್ನ ಮನೆ ಬಗ್ಗೆ ಹೇಳುತ್ತಿದ್ದಾನೆ. ಒಬ್ಬನೇ ಇರುವಾಗ ಕೂರಿಸಿಕೊಂಡು ಮನೆಯಲ್ಲಿ ಏನಾಗುತ್ತಿದೆ ಅಂತ ಕೇಳಿ. ಹೊಡೆತ ಬಡಿತ, ಕೆಲಸಕ್ಕೆ ಕಳಿಸುವ ಒತ್ತಾಯ ಅಂಥದ್ದೇನಾದರೂ ಇದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಮೇಷ್ಟ್ರು ಕೂಡ ಮಾಡಬಹುದು. ಅದು ನನ್ನ ಕ್ಷೇತ್ರವಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ನನ್ನ ಕ್ಷೇತ್ರದಿಂದ ಹೇಳಬಹುದಾದದ್ದು ಆ 1918ರ ಕರಾರು. ಅದನ್ನು ನಾಟಕದಲ್ಲಿ ಒಂದು ದೃಶ್ಯ ಮಾಡಿ. ಅಪ್ಪ, ಪೆಂಡರ್, ಹುಡುಗ, ಮೂವರೂ ಮೇಜಿನ ಸುತ್ತ. ಒಂದೊಂದೇ ಷರತ್ತನ್ನು ಆ ಹುಡುಗನ ಬಾಯಲ್ಲೇ ಗಟ್ಟಿಯಾಗಿ ಓದಿಸಿ.

ಕೊನೆಗೆ ಕಲ್ಲಿದ್ದಲು. ಒಲಿಂಪಿಕ್ ಹಡಗು ಟೈಟಾನಿಕ್‌ನ ಅಕ್ಕ, 1911ರಲ್ಲಿ ಮೊದಲ ಪ್ರಯಾಣ ಮಾಡಿದ್ದು. ಯುದ್ಧದಲ್ಲಿ ಸೈನಿಕರನ್ನು ಸಾಗಿಸಿತು, 1918ರಲ್ಲಿ ಒಂದು ಜರ್ಮನ್ ಜಲಾಂತರ್ಗಾಮಿಯನ್ನು ಗುದ್ದಿ ಮುಳುಗಿಸಿತು. ಆಮೇಲೆ ಬೆಲ್‌ಫಾಸ್ಟ್‌ನಲ್ಲಿ ರಿಪೇರಿಗೆ ನಿಂತಾಗ ಅದರ ಬಾಯ್ಲರ್‌ಗಳನ್ನು ಕಲ್ಲಿದ್ದಲಿನಿಂದ ಎಣ್ಣೆಗೆ ಬದಲಿಸಿದರು. 1920ರ ಬೇಸಿಗೆಯಲ್ಲಿ ಅದು ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಂಡಾಗ ತಳದಲ್ಲಿ ಸಲಿಕೆ ಹಿಡಿದ ಮಸಿ ಮುಖದವರು ಇರಲಿಲ್ಲ. ಕಲ್ಲಿದ್ದಲು ಹಾಕುವವರ ಪಾತ್ರದ ಹುಡುಗರಿಗೆ ಮಸಿ ಬಳಿಯುವ ಬದಲು ಲಾಗ ಕಲಿಸಿ, ಪೆಂಡರ್ ತಂಡಕ್ಕೆ ಸೇರಿಸಿ.